ಒಕ್ಕಲು ಎಂಬ ಶಬ್ದದ ಎರಡು ಅರ್ಥ

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಜಾನ್ ಸ್ಟುವರ್ಟ್ ಮಿಲ್ಲನ ಹೆಸರು ಅಪರಿಚಿತವಲ್ಲ. ಪ್ರಾತಿನಿಧಿಕ ಸರಕಾರವನ್ನು ಕುರಿತು 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತನು, ಭಿನ್ನ ಜನಾಂಗಗಳೂ ಭಿನ್ನ ಭಾಷೆಗಳೂ ಕೂಡಿರುವ ದೇಶದಲ್ಲಿ ಸ್ವತಂತ್ರ ಸಂಸ್ಥೆಗಳು ಬೇರೂರುವುದು ಬಹುಮಟ್ಟಿಗೆ ಅಸಾಧ್ಯವೆಂದು ಅಭಿಪ್ರಾಯಪಟ್ಟಿದ್ದಾನೆ. ಈ ಮಾತು ನಿಜವಾಗಿದ್ದರೆ ನಮ್ಮ ಕಾರವಾರ, ಅಂಕೋಲೆಗಳಲ್ಲಿ ಪ್ರಜಾಪ್ರಭುತ್ವವು ಒಂದು ದಿನವೂ ನಡೆಯಬಾರದಿತ್ತು. ಹಾಲಕ್ಕಿ ಒಕ್ಕಲಿಗರು, ನಾಡವರು, ಕೋಮಾರಪಂತರು, ಹರಿಕಂತ್ರರು, ಖಾರ್ವಿಗಳು, ಗಾಬಿತರು, ಆಗೇರರು, ಸಾರಸ್ವತರು, ಕ್ರೈಸ್ತರು, ಮುಸಲ್ಮಾನರು, ಹೀಗೆ ಎಣಿಸುತ್ತ ಹೋದರೆ ಈ ಪುಟ ಸಾಲದು. ಕಾರವಾರದ ಮೀನುಪೇಟೆಯಲ್ಲಿ ಕೊಂಕಣಿ, ಅಂಕೋಲೆಯ ಕೊಪ್ಪಗಳಲ್ಲಿ ಹಾಲಕ್ಕಿಗಳ ಕನ್ನಡ. ಇಷ್ಟೆಲ್ಲ ಭೇದವಿದ್ದೂ ಇಲ್ಲಿಯ ಜನರು ಕೂಡಿ ಹೋರಾಡಿದ್ದುಂಟು, ಹೋರಾಡಿ ಗೆದ್ದದ್ದೂ ಉಂಟು. ಅದು ಹೇಗೆ ಸಾಧ್ಯವಾಯಿತು, ಗೆದ್ದ ಮೇಲೆ ಏನಾಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕಡೆ 'ಒಕ್ಕಲು' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಡೆಯರ ಭೂಮಿಯನ್ನು ಗೇಣಿಗೆ ಮಾಡುವವನು ಒಕ್ಕಲು. ಅವನು ಯಾವ ಜಾತಿಯವನಾದರೂ ಸರಿ. ಇನ್ನೊಂದು ಅರ್ಥದಲ್ಲಿ ಒಕ್ಕಲೆಂದರೆ ಒಂದು ಕುಲ, ಅಂದರೆ ನಮ್ಮ ಹಾಲಕ್ಕಿ ಒಕ್ಕಲು. ಮೊದಲನೆಯದು ಕೆಲಸದಿಂದ ಬಂದ ಹೆಸರು, ಎರಡನೆಯದು ಹುಟ್ಟಿನಿಂದ ಬಂದದ್ದು. ಈ ಭಾಗದ ಎಂಬತ್ತು ತೊಂಬತ್ತು ವರ್ಷಗಳ ರಾಜಕೀಯ ಚರಿತ್ರೆಯು ಈ ಎರಡು ಅರ್ಥಗಳ ನಡುವೆ ತುಯ್ದಾಡಿದೆಯೆಂದು ನನಗೆ ತೋರುತ್ತದೆ.

1930ರ ಉಪ್ಪಿನ ಸತ್ಯಾಗ್ರಹವನ್ನೂ ಅದರ ಬೆನ್ನಿಗೆ ಬಂದ ಕರನಿರಾಕರಣೆಯನ್ನೂ ನಾವು ಶಾಲೆಯಿಂದಲೇ ಕೇಳಿಕೊಂಡು ಬಂದಿದ್ದೇವೆ. ಅಂಕೋಲೆಯ ನಾಡವರು ಜಮೀನು ಕಳೆದುಕೊಂಡು, ಸೆರೆಮನೆ ಕಂಡು ತೋರಿಸಿದ ಧೈರ್ಯಕ್ಕೆ ತಲೆಬಾಗದವರಾರು? ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಸರಕಾರಕ್ಕೆ ಕರ ಕೊಡುವವನು ಭೂಮಿ ಯಾರ ಹೆಸರಿನಲ್ಲಿದೆಯೋ ಅವನು. ಗೇಣಿ ಒಕ್ಕಲಿಗೆ ಕೊಡಲು ಕರವೇ ಇರಲಿಲ್ಲ; ಅವನು ಕೊಡುತ್ತಿದ್ದುದು ಒಡೆಯನಿಗೆ ಭತ್ತ. ಕರವನ್ನು ನಿರಾಕರಿಸಿದರೂ ಅವನ ಗೇಣಿ ನಿಲ್ಲಲಿಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅಂಕೋಲೆ ತಾಲೂಕಿನವರೇ ಆದ ದಿನಕರ ದೇಸಾಯಿಯವರು (1909-1982). ಚುಟುಕಗಳ ಕವಿಯೆಂದು ಅವರನ್ನು ಬಲ್ಲವರು ಅನೇಕರು. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಹಡಗಿನ ಕೂಲಿಗಾರರ ಸಂಘಟನೆಯಲ್ಲಿ ದುಡಿದವರೆಂದು ಬಲ್ಲವರು ಕಡಿಮೆ. ಆ ಅನುಭವವನ್ನು ಅವರು ಊರಿಗೆ ತಂದರು. 1930ರ ದಶಕದ ಕೊನೆಗೆ ರೈತಕೂಟದ ಚಳವಳಿ ಹಬ್ಬಿದಾಗ ಅದರಲ್ಲಿ ಹಾಲಕ್ಕಿ, ನಾಡವರೆಂಬ ಲೆಕ್ಕವಿರಲಿಲ್ಲ. ಗೇಣಿ ಕೊಡುವವನು ಒಳಗೆ, ಅಷ್ಟೇ. ಸರಕಾರವು 1940ರಲ್ಲಿ ದೇಸಾಯಿಯವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಐದು ವರ್ಷ ಅವರು ಈ ನೆಲಕ್ಕೆ ಕಾಲಿಡುವಂತಿರಲಿಲ್ಲ. ಮುಂದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಆಯ್ಕೆಯಾದರು.

ಚಳವಳಿಯ ಫಲ ಕೈಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯ ಪ್ರಕಾರ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಒಕ್ಕಲಾದವನು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು ಪಡೆಯಬೇಕು. ನಮ್ಮ ಹಿರಿಯರು ಇದನ್ನು 'ಡಿಕ್ಲರೇಶನ್ ಕೊಡುವುದು' ಎನ್ನುತ್ತಾರೆ. ತೀರ್ಮಾನ ಮಾಡಲು ಭೂನ್ಯಾಯ ಮಂಡಳಿ. ಅಸಿಸ್ಟಂಟ್ ಕಮಿಶನರರು ಅಧ್ಯಕ್ಷರು, ಜೊತೆಗೆ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಇಲ್ಲವೆ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. (ಈ ನಿರ್ಬಂಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು.) ವಕೀಲರಿಲ್ಲದ ಕಡೆ ಒಕ್ಕಲಿಗೆ ಆಧಾರವೇನು? ಗೇಣಿ ಚೀಟಿ ಅನೇಕರಲ್ಲಿ ಇರಲಿಲ್ಲ. ಆಧಾರವೆಂದರೆ ನೆರೆಹೊರೆಯವರ ಬಾಯಿಮಾತಿನ ಸಾಕ್ಷಿ. ನನ್ನ ಅಜ್ಜ ಹೆಬ್ಬೆಟ್ಟೊತ್ತಿ ಅರ್ಜಿ ಕೊಟ್ಟವರು. ಅವರ ಪರವಾಗಿ ಸಾಕ್ಷಿ ನುಡಿದವರಲ್ಲಿ ಒಬ್ಬರು ನಾಡವರು, ಇನ್ನೊಬ್ಬರು ಆಗೇರರು. "ಈ ಗದ್ದೆ ಉಳುವವ ಇವನೇ, ನಾ ಕಂಡವ" ಎಂದು ಹೇಳಿದರಂತೆ. ಅಷ್ಟು ಸಾಕಾಯಿತು. ಆ ಗದ್ದೆ ಉಳಿದದ್ದರಿಂದ ನನ್ನ ಅಪ್ಪ ಏಳನೆಯ ಇಯತ್ತೆಯವರೆಗೆ ಓದಿದರು. ನಾನು ಇಲ್ಲಿ ಬಿ. ಎ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಪದವಿ ಮುಟ್ಟುವವರು ಇದೇ ಮೊದಲು.

ಗೇಣಿ ಹೋಯಿತು, ಅದರ ಜೊತೆಗೆ ಗೇಣಿ ಒಕ್ಕಲೆಂಬ ಹೆಸರೂ ಹೋಯಿತು. ಬೇರೆ ಬೇರೆ ಕೊಪ್ಪ, ಕೇರಿಗಳ ಜನರನ್ನು ಒಂದು ಚಪ್ಪರದ ಕೆಳಗೆ ಕೂರಿಸುತ್ತಿದ್ದ ಕಾರಣವೇ ಇಲ್ಲದಂತಾಯಿತು. ಬಡತನ ಮಾತ್ರ ಹೋಗಲಿಲ್ಲ. ಶಿಕ್ಷಣ, ನೌಕರಿಗಳ ಪ್ರಶ್ನೆ ಎದ್ದಾಗ ಜನರು ಕುಲದ ಹೆಸರಿನಿಂದ ಕೇಳತೊಡಗಿದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ಇನ್ನೂ ಅದು ಈಡೇರಿಲ್ಲ. ಇದನ್ನು ಕೇಳಿ ಕೆಲವು ಮಿತ್ರರು "ಇದು ಜಾತೀಯತೆ, ರೈತ ಚಳವಳಿಗೆ ದ್ರೋಹ" ಎನ್ನುತ್ತಾರೆ. ನಾನು ಒಪ್ಪಲಾರೆ.

ದೂರದ ಬೊಲಿವಿಯಾ ದೇಶವನ್ನು ನೋಡಿರಿ. 1952ರ ಕ್ರಾಂತಿಯ ನಂತರ ಅಲ್ಲಿ ಅಕ್ಷರ ಬಾರದವರಿಗೂ ಮತ ಬಂತು, 1953ರಲ್ಲಿ ಉಳುವವರಿಗೆ ಭೂಮಿ ಬಂತು. 'ಇಂಡಿಯನ್' ಎಂಬುದು ಅವಮಾನದ ಶಬ್ದವೆಂದು ಬಿಟ್ಟು ಸರಕಾರವು ಅವರನ್ನು 'ಕಂಪೆಸಿನೊ', ಅಂದರೆ ರೈತ, ಎಂದು ಕರೆಯಿತು. ಒಳ್ಳೆಯ ಉದ್ದೇಶವೇ. ಆದರೆ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1973ರ ತಿವಾನಾಕು ಘೋಷಣೆಯಲ್ಲಿ, ಅದೇ ರೈತರು ತಮ್ಮ ಭಾಷೆ, ಸಂಸ್ಕೃತಿಗಳು ತುಳಿತಕ್ಕೊಳಗಾಗಿವೆಯೆಂದು ದನಿಯೆತ್ತಿದರು. ಐಮಾರಾ ಜನಾಂಗದ ಇವೊ ಮೊರಾಲೆಸ್ 2005ರಲ್ಲಿ ಅಧ್ಯಕ್ಷ ಪದವಿಗೆ ಚುನಾಯಿತರಾದರು. 2009ರ ಸಂವಿಧಾನವು ಆ ದೇಶವನ್ನು ಬಹುರಾಷ್ಟ್ರೀಯ ರಾಜ್ಯವೆಂದು ಸಾರಿತು. ಭೂಮಿ ಸಿಕ್ಕ ಮಾತ್ರಕ್ಕೆ ಮನುಷ್ಯನಿಗೆ ಬೇಕಾದುದೆಲ್ಲ ಸಿಕ್ಕಂತಾಗದೆಂಬುದಕ್ಕೆ ಇಷ್ಟು ಸಾಕು.

ನನ್ನ ಆಕ್ಷೇಪವಿರುವುದು ಬೇಡಿಕೆಯ ಮೇಲಲ್ಲ, ಅದನ್ನು ಅಳೆಯುವ ಕೊಳಗದ ಮೇಲೆ. ಯಾರು ಪಂಗಡದವರೆಂಬುದಕ್ಕೆ ಈಗಲೂ ಅನುಸರಿಸುವುದು 1965ರ ಲೋಕೂರ್ ಸಮಿತಿಯ ಐದು ಲಕ್ಷಣಗಳನ್ನು: ಆದಿಮ ಗುಣ, ವಿಶಿಷ್ಟ ಸಂಸ್ಕೃತಿ, ಭೌಗೋಲಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಎರಡನೆಯದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಸುಗ್ಗಿ ಕುಣಿತವಿದೆ, ಊರಗೌಡ, ಬುದ್ಧಿವಂತ, ಕೋಲಕಾರರ ಕಟ್ಟಳೆಯಿದೆ. ಐದನೆಯದನ್ನು ಹೇಳಬೇಕಾದುದೇ ಇಲ್ಲ. ಆದರೆ ಸಂಕೋಚ? ಸಂಕೋಚಪಡುವ ಜನರು ಬೇಡಿಕೆ ಇಡುವುದು ಹೇಗೆ? ಮೆರವಣಿಗೆ ಹೊರಟು, ಮನವಿ ಕೊಟ್ಟು, ಭಾಷಣ ಮಾಡಿ, "ನಾವು ಹೊರಗಿನವರೊಡನೆ ಮಾತಾಡಲು ನಾಚುವವರು" ಎಂದು ಸಿದ್ಧಮಾಡಬೇಕು! ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಸಾರಾಯಿಯ ವಿರುದ್ಧ ಹೆಂಗಸರನ್ನು ಸಂಘಟಿಸಿದವರು. ಹಾಡಿಗಾಗಿ 2017ರಲ್ಲಿ ಪದ್ಮಶ್ರೀ ಪಡೆದವರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಬರಿಗಾಲಲ್ಲೇ ರಾಷ್ಟ್ರಪತಿ ಭವನದಲ್ಲಿ ಅದೇ ಪ್ರಶಸ್ತಿ ಸ್ವೀಕರಿಸಿದವರು. ಇಬ್ಬರೂ ಈಗಿಲ್ಲ. ಪ್ರಜಾಪ್ರಭುತ್ವವು ಜನರಿಂದ ಬಯಸುವುದು ಇಂಥ ದಿಟ್ಟತನವನ್ನು; ಪಟ್ಟಿಯು ಬಯಸುವುದು ಅದಕ್ಕೆ ವಿರುದ್ಧವಾದುದನ್ನು.

ಪಟ್ಟಿಯೂ ಎಲ್ಲರಿಗೂ ಒಂದೇ ಬಗೆಯಾಗಿ ನಡೆದಿಲ್ಲ. ನಮ್ಮ ಜಿಲ್ಲೆಯ ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಅವರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇದು ಸಂತೋಷದ ವಿಷಯ. ಅದೇ 2003ರಲ್ಲಿ ಗೋವೆಯ ಕುಣಬಿಗಳೂ ಪಂಗಡವಾದರು. ಜೋಯಿಡಾದ ಕುಣಬಿಗಳು ಆಗಲಿಲ್ಲ. ಮಾಜಾಳಿಯ ಗಡಿಗೇಟಿನ ಆಚೆಗೊಂದು ನ್ಯಾಯ, ಈಚೆಗೊಂದು.

ಕೆಲಸದಿಂದ ಬಂದ ಹೆಸರು ಪೂರ್ತಿ ಸತ್ತಿದೆಯೆಂದೂ ತಿಳಿಯಬೇಕಾಗಿಲ್ಲ. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಠಾಗೋರ್ ಕಡಲತೀರಕ್ಕೆ ಇಳಿದವರು ಜಾತಿ ಕೇಳಿ ಇಳಿಯಲಿಲ್ಲ, ಮೀನುಗಾರರೆಂದು ಇಳಿದರು. ಸೀಬರ್ಡ್ ನೌಕಾನೆಲೆಗಾಗಿ, 1986ರ ಶಂಕುಸ್ಥಾಪನೆಯ ನಂತರ, ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಸುಮಾರು ನಾಲ್ಕು ಸಾವಿರ ಕುಟುಂಬಗಳು ಎದ್ದುಹೋಗಬೇಕಾಯಿತು. ಕಡಲಿನವರೂ ಗದ್ದೆಯವರೂ ಒಂದೇ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದರು. ನಿರಾಶ್ರಿತರೆಂಬ ಹೆಸರು ಯಾರೂ ಬಯಸಿದ್ದಲ್ಲ, ಆದರೂ ಅದು ಅವರನ್ನು ಕೂಡಿಸಿತು.

ಹೀಗಿರಲು ನನ್ನ ಸೂಚನೆ ಒಂದೇ. ಸಂವಿಧಾನದ 342ನೆಯ ವಿಧಿಯಂತೆ ಪಟ್ಟಿಗೆ ಹೆಸರು ಸೇರಬೇಕಾದರೆ ಪಾರ್ಲಿಮೆಂಟಿನ ಕಾಯಿದೆಯೇ ಬೇಕು. ಅದಕ್ಕೆ ಮುಂಚೆ ರಾಜ್ಯದ ಶಿಫಾರಸು, ರಿಜಿಸ್ಟ್ರಾರ್ ಜನರಲರ ಒಪ್ಪಿಗೆ, ಆಯೋಗದ ಒಪ್ಪಿಗೆ ಆಗಬೇಕು. ಈ ದಾರಿಯಲ್ಲಿ ಕುಲಶಾಸ್ತ್ರ ಪಂಡಿತರ ವರದಿಗೆ ಸ್ಥಾನವಿದೆ, ನೆರೆಯವರ ಮಾತಿಗಿಲ್ಲ. ಮಂಡಳಿಯ ಮುಂದೆ ಅಂದು ನಾಡವರೂ ಆಗೇರರೂ ನನ್ನ ಅಜ್ಜನಿಗೆ ಸಾಕ್ಷಿಯಾದರು. ಪಟ್ಟಿಯ ಪ್ರಶ್ನೆ ಬಂದಾಗ ಅವರ ಮೊಮ್ಮಕ್ಕಳು ಸಾಕ್ಷಿಗಳಲ್ಲ, ಅದೇ ನೌಕರಿಗೆ ಅರ್ಜಿ ಹಾಕಿದ ಪ್ರತಿಸ್ಪರ್ಧಿಗಳು. ಹಾಲಕ್ಕಿ ಕೊಪ್ಪದ ಬಾಳು ಹೇಗಿದೆಯೆಂದು ಬಲ್ಲವರು ದಿನವೂ ಅದರ ಪಕ್ಕದಲ್ಲಿರುವವರು. ಅವರನ್ನು ಊರಿನಲ್ಲೇ, ಎಲ್ಲರೆದುರಿಗೆ, ಕರೆದು ಕೇಳಲಿ.