ಮೀನುಮೂಳೆ ಹೊಲಿಗೆ ಕಲಿಸಿದ ಎರಡು ಅವಧಿಗಳು

ಬೋಧನಾಭ್ಯಾಸದಲ್ಲಿ 6ನೇ ತರಗತಿಯ ಕಾರ್ಯಾನುಭವಕ್ಕೆ ನಾನು ಆರಿಸಿಕೊಂಡದ್ದು ಎಲೆಯ ಆಕಾರ ತುಂಬುವ ಫಿಶ್‌ಬೋನ್ ಹೊಲಿಗೆ, ಅಂದರೆ ಮೀನುಮೂಳೆ ಹೊಲಿಗೆ. ವಿಜ್ಞಾನದಲ್ಲಿ ಎಲೆಯ ನಾಳವಿನ್ಯಾಸ ಆಗಷ್ಟೇ ಮುಗಿಸಿದ್ದೆ. ಎರಡನ್ನೂ ಜೋಡಿಸುವ ಆಸೆ. ಹೊಲಿಗೆಯನ್ನು ನಾನೇ ಕಲಿತು ವಾರವಾಗಿತ್ತಷ್ಟೆ.

ಬಟ್ಟೆಯನ್ನು ರಿಂಗಿಗೆ ಬಿಗಿದು, ಸುಮಾರು 4 ಸೆಂ.ಮೀ. ಉದ್ದದ ಎಲೆ ಬರೆದು ನಡುಗೆರೆ ಎಳೆಯಬೇಕು. ಆರೆಳೆಯ ಕಸೂತಿ ದಾರದಲ್ಲಿ ಎರಡೆಳೆ ಬಿಡಿಸಿಕೊಂಡರೆ ಸಾಕು. ಸೂಜಿಯನ್ನು ಎಲೆಯ ತುದಿಯಲ್ಲಿ ಮೇಲೆ ತೆಗೆದು, ನಡುಗೆರೆಯ ಮೇಲೆಯೇ 1 ಸೆಂ.ಮೀ. ಕೆಳಗೆ ಇಳಿಸುವುದು ಮೊದಲ ಹೊಲಿಗೆ. ಬಳಿಕ ತುದಿಯ ಪಕ್ಕದಲ್ಲೇ ಎಡ ಅಂಚಿನಲ್ಲಿ ಮೇಲೆ ಬಂದು, ನಡುಗೆರೆಯನ್ನು ಕೂದಲೆಳೆಯಷ್ಟು ದಾಟಿ, ಮೊದಲ ಹೊಲಿಗೆಯ ಬುಡದ ಕೆಳಗೆ ಇಳಿಯಬೇಕು. ಮುಂದಿನದು ಬಲ ಅಂಚಿನಿಂದ, ಗೆರೆ ದಾಟಿ ಎಡಕ್ಕೆ. ಬುಡಗಳು ಒಂದರ ಮೇಲೊಂದು ಕತ್ತರಿಯಾಗಿ ಬೀಳುವುದರಿಂದ ನಡುವೆ ಜಡೆಯಂಥ ನರ ಏಳುತ್ತದೆ.

ಮೊದಲ ಅವಧಿ ನೆಟ್ಟಗೆ ಹೋಗಲಿಲ್ಲ. ಅರ್ಧ ತರಗತಿಯ ಹೊಲಿಗೆಗಳು ಓರೆ ಕಳೆದುಕೊಂಡು ಅಡ್ಡ ಮಲಗಿದವು. “ಮಿಸ್, ನಂದು ಬಾಳೆ ಎಲೆ ಆಗೋಯ್ತು” ಎಂದ ಒಬ್ಬ. ಎಲ್ಲರೂ ನಕ್ಕರು, ಆದರೆ ಅವನು ಹೇಳಿದ್ದು ಸರಿಯೇ. ಬಾಳೆಯ ನರಗಳು ನಡುದಿಂಡಿಗೆ ಹೆಚ್ಚುಕಡಿಮೆ ಅಡ್ಡಡ್ಡ. ಮಾವಿನದು ಓರೆಯಾಗಿ ತುದಿಯ ಕಡೆ ಹೋಗುತ್ತವೆ. ನನ್ನ ಪಾಠಯೋಜನೆಯಲ್ಲಿ ಇಷ್ಟು ಒಳ್ಳೆಯ ಹೋಲಿಕೆ ಇರಲಿಲ್ಲ. ತಪ್ಪು ಇದ್ದದ್ದು ಮೊದಲ ಹೊಲಿಗೆಯಲ್ಲಿ: ಅದು ಗಿಡ್ಡವಾದರೆ ಉಳಿದವಕ್ಕೆ ಇಳಿಜಾರು ಸಿಗುವುದಿಲ್ಲ.

ನಿಜವಾದ ತಪ್ಪು ನನ್ನದೇ ಇನ್ನೊಂದಿತ್ತು. ಹಿಂದಿನ ಬೆಂಚಿನ ಹುಡುಗಿ ಎಡಗೈಯಲ್ಲಿ ಸೂಜಿ ಹಿಡಿದಿದ್ದಳು. ನಾನು ಯೋಚಿಸದೆ ಅದನ್ನು ಬಲಗೈಗೆ ಕೊಟ್ಟು ಮುಂದೆ ಹೋದೆ. ಗಂಟೆ ಹೊಡೆದಾಗ ಅವಳ ಬಟ್ಟೆ ಡೆಸ್ಕಿನ ಕೆಳಗಿತ್ತು, ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ಪಾಠ ವೀಕ್ಷಿಸಿದ ಮೇಡಂ ಕೇಳಿದ್ದು ಒಂದೇ: “ಅವಳು ಬರೆಯೋದು ಯಾವ ಕೈಯಲ್ಲಿ?” ನಾನು ಗಮನಿಸಿಯೇ ಇರಲಿಲ್ಲ.

ಎರಡನೆಯ ಅವಧಿಯಲ್ಲಿ ಅವಳ ಪಕ್ಕದಲ್ಲಿ ನಿಲ್ಲದೆ ಎದುರಿಗೆ ಕುಳಿತೆ. ಆಗ ನನ್ನ ಬಲಗೈ ಅವಳ ಎಡಗೈಗೆ ಕನ್ನಡಿಯಂತೆ. ನಾನು ಎಡ ಅಂಚಿನಿಂದ, ಅವಳು ಬಲ ಅಂಚಿನಿಂದ ಶುರುಮಾಡಿದೆವು. ಎಲೆಗೆ ಎರಡೂ ಒಂದೇ. “ಹೋದ್ಸಲ ನಾನು ಮಾಡಿದ್ದು ತಪ್ಪು ಕಣಮ್ಮ” ಎಂದೆ. ಅವಳು ತಲೆಯೆತ್ತದೆ ಹೊಲಿಯುತ್ತಲೇ ಇದ್ದಳು.

ಅವಧಿ ಮುಗಿಯುವಾಗ ಎಲೆ ತುಂಬಿತ್ತು, ಬುಡದಲ್ಲಿ ಸ್ವಲ್ಪ ಬಿಳಿ ಬಟ್ಟೆ ಕಾಣುತ್ತಿತ್ತು. “ಮಿಸ್, ತೊಟ್ಟು ಹೊಲಿಯೋದು ಹೇಗೆ?” ಎಂದಳು. ಅದಕ್ಕೆ ಕಾಂಡದ ಹೊಲಿಗೆ ಬೇಕು. ನಾನಿನ್ನೂ ಅದನ್ನು ಕಲಿತಿರಲಿಲ್ಲ.