ರೊಟ್ಟಿ ಕೆಡದಂತೆ ಇಡುವ ಬಗೆ



ಜೋಳ ಬಿತ್ತುವುದು, ಎಡೆ ಹೊಡೆಯುವುದು, ಕೊಯ್ಯುವುದು, ತೂರಿ ಚೀಲ ತುಂಬುವುದು, ಇವುಗಳ ವಿಷಯವಾಗಿ ನಾವು ಮೇಲಿಂದ ಮೇಲೆ ಮಾತನಾಡುತ್ತೇವೆ. ಕಾಳಿಗೆ ಹುಳ ಬೀಳದಂತೆ ನೋಡಿಕೊಳ್ಳುವುದನ್ನೂ ಚರ್ಚಿಸುತ್ತೇವೆ. ಆದರೆ ಅದೇ ಜೋಳ ರೊಟ್ಟಿಯಾಗಿ ಬುಟ್ಟಿ ಸೇರಿದ ಮೇಲೆ ಅದರ ಗತಿಯೇನಾಯಿತೆಂದು ಕೇಳುವವರು ಕಡಿಮೆ. ಹಿಂಗಾರಿಯಲ್ಲಿ ನಾಲ್ಕು ತಿಂಗಳು ಕಾದು ಬೆಳೆದ ಕಾಳು, ಒಲೆಯ ಮುಂದೆ ಬೆವರು ಸುರಿಸಿ ಬಡಿದ ರೊಟ್ಟಿ, ಕೊನೆಗೆ ಬೂಷ್ಟು ಹಿಡಿದು ತಿಪ್ಪೆ ಸೇರಿದರೆ ಅದೂ ಬೆಳೆಯ ನಷ್ಟವೇ ಅಲ್ಲವೇ? ಅದನ್ನು ತಿಪ್ಪೆಗೆ ಹಾಕದೆ ತಿಂದುಬಿಟ್ಟರೆ ನಷ್ಟವು ದೇಹಕ್ಕೆ ತಟ್ಟುತ್ತದೆ. ಆದುದರಿಂದ ಈ ಪಾಠವನ್ನು ಮನೆಯ ಗಂಡಸರೂ ಹೆಂಗಸರೂ ಕೂಡಿ ಓದಬೇಕೆಂದು ಕೋರುತ್ತೇನೆ.

ಕಾಳು ಸಂಗ್ರಹಿಸುವ ಕ್ರಮವನ್ನು ನಾನು ಕೃಷಿ ಡಿಪ್ಲೊಮಾ ಓದುವಾಗ ಕಲಿತೆ. ರೊಟ್ಟಿ ಸಂಗ್ರಹಿಸುವ ಕ್ರಮವನ್ನು ಕಲಿಸಿದವರು ಗ್ರಾಮಗಳ ತಾಯಂದಿರು. ಅವರು ಕೈಯಳತೆಯಿಂದ ಬಲ್ಲದ್ದಕ್ಕೆ ಶಾಸ್ತ್ರದ ಕಾರಣವನ್ನು ಜೋಡಿಸಿಕೊಡುವುದಷ್ಟೇ ಇಲ್ಲಿ ನನ್ನ ಕೆಲಸ.

ರೊಟ್ಟಿ ಕೆಡುವುದು ಮೂರು ಬಗೆ

"ರೊಟ್ಟಿ ಕೆಟ್ಟಿತು" ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಕೆಡುವ ದಾರಿಗಳು ಮೂರು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಅಪಾಯವಾಗಬಹುದು. ಆದುದರಿಂದ ಮೊದಲು ಇವುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು.

೧. ಬಿರುಸಾಗುವುದು. ಬೆಳಿಗ್ಗೆ ಮೆತ್ತಗಿದ್ದ ರೊಟ್ಟಿ ಸಂಜೆಗೆ ಬಿರುಸಾಗುತ್ತದೆ. ನೀರು ಆರಿದ್ದರಿಂದ ಹೀಗಾಯಿತೆಂದು ನಾವು ಎಣಿಸುತ್ತೇವೆ. ಅದು ಅರ್ಧ ಸತ್ಯ. ೧೮೫೨ರಲ್ಲಿ ಫ್ರಾನ್ಸಿನ ಬೂಸಾಂಗೋ ಎಂಬ ವಿಜ್ಞಾನಿ, ತೇವ ಹೊರಹೋಗದಂತೆ ಬಿಗಿಯಾಗಿ ಮುಚ್ಚಿಟ್ಟ ಗೋಧಿ ಬ್ರೆಡ್ಡೂ ಹಳಸಲಾಗುತ್ತದೆ, ಮತ್ತೆ ಕಾಯಿಸಿದರೆ ಮೆತ್ತಗಾಗುತ್ತದೆ ಎಂದು ತೋರಿಸಿಕೊಟ್ಟನು. ಕಾರಣವಿಷ್ಟೆ: ಹಿಟ್ಟಿನ ಪಿಷ್ಟವು ಬಿಸಿನೀರಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ; ತಣ್ಣಗಾದಂತೆ ಮತ್ತೆ ಬಿಗಿದುಕೊಳ್ಳುತ್ತದೆ. ಜೋಳದಲ್ಲಿ ಗೋಧಿಯಲ್ಲಿರುವ ಅಂಟು ಇಲ್ಲ. ಎಸರು ಕಾಯಿಸಿ ಹಿಟ್ಟು ನಾದುವುದು ಅದಕ್ಕಾಗಿಯೇ. ಪಿಷ್ಟದ ಮೆತುವೇ ಅದಕ್ಕೆ ಆಧಾರವಾದ್ದರಿಂದ ಜೋಳದ ರೊಟ್ಟಿ ಚಪಾತಿಗಿಂತ ಬೇಗ ಬಿರುಸಾಗುತ್ತದೆ. ಇದರಿಂದ ಆರೋಗ್ಯಕ್ಕೆ ಏನೂ ಕೇಡಿಲ್ಲ.

೨. ಬೂಷ್ಟು ಹಿಡಿಯುವುದು. ಇದು ತೇವದ ಕೆಲಸ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ. ತೇವವೂ ಬೆಚ್ಚನೆಯೂ ದೊರೆತರೆ ಎರಡು ಮೂರು ದಿನಗಳಲ್ಲಿ ಹಸಿರು, ಕಪ್ಪು, ಬಿಳಿ ಬಣ್ಣದ ತೇಪೆಗಳಾಗಿ ಕಾಣಿಸಿಕೊಳ್ಳುತ್ತವೆ. ಇದು ಆರೋಗ್ಯಕ್ಕೆ ಕೇಡು.

೩. ಕಮಟಾಗುವುದು. ಇದು ಎಣ್ಣೆಯ ಕೆಲಸ. ಜೋಳಕ್ಕಿಂತ ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು. ಸಜ್ಜೆಯನ್ನು ಬೀಸಿದೊಡನೆ ಮೊಳಕೆಯ ಭಾಗದಲ್ಲಿದ್ದ ಎಣ್ಣೆ ಹಿಟ್ಟಿನಲ್ಲೆಲ್ಲ ಹರಡಿ ಕೆಡಲು ತೊಡಗುತ್ತದೆ. ಆಮೇಲೆ ಕಹಿ ರುಚಿ, ಕಮಟು ವಾಸನೆ ಬರುತ್ತವೆ. ಆದುದರಿಂದ ಸಜ್ಜೆಯನ್ನು ನಾಲ್ಕೈದು ದಿನಕ್ಕೆ ಬೇಕಾದಷ್ಟೇ ಬೀಸಿಸತಕ್ಕದ್ದು. ಹಳೆಯ ಹಿಟ್ಟಿನಿಂದ ಮಾಡಿದ ಸಜ್ಜೆ ರೊಟ್ಟಿಯನ್ನು ಎಷ್ಟು ಒಣಗಿಸಿದರೂ ಅದು ಬಾಳುವುದಿಲ್ಲ.

ಮೆತ್ತನೆಯ ರೊಟ್ಟಿ

ಮೆತ್ತನೆಯ ರೊಟ್ಟಿಯನ್ನು ಅದೇ ದಿನ, ಬಹಳವಾದರೆ ಮರುದಿನ ಬೆಳಿಗ್ಗೆಯವರೆಗೆ ತಿನ್ನಬೇಕು. ಅದನ್ನು ಹೆಚ್ಚು ದಿನ ಇಡುವ ಆಸೆ ಬೇಡ.

ಹಂಚಿನಿಂದ ತೆಗೆದ ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿ, ಮೇಲೆ ಡಬ್ಬಿಯ ಮುಚ್ಚಳ ಬಿಗಿದರೆ ಏನಾಗುತ್ತದೆ? ಹತ್ತು ನಿಮಿಷದ ನಂತರ ಮುಚ್ಚಳ ತೆಗೆದು ಒಳಮೈ ನೋಡಿರಿ. ನೀರಿನ ಹನಿಗಳು ಕೂತಿರುತ್ತವೆ. ಆ ಹನಿಗಳು ಮೇಲಿನ ರೊಟ್ಟಿಯ ಮೇಲೆ ಬಿದ್ದು ಅದು ಜಿಗುಟಾಗುತ್ತದೆ. ಬೂಷ್ಟು ಮೊದಲು ಹುಟ್ಟುವುದು ಅಲ್ಲಿಯೇ. ಬುಟ್ಟಿಯಲ್ಲಿ ಒಗೆದ ಹತ್ತಿ ಬಟ್ಟೆ ಹಾಸಿ, ರೊಟ್ಟಿಯನ್ನು ಅದೇ ಬಟ್ಟೆಯಿಂದ ಮುಚ್ಚುವ ಹಳೆಯ ರೂಢಿಯೇ ಒಳ್ಳೆಯದು. ಬಟ್ಟೆಯು ಹಬೆಯನ್ನು ಹೀರಿ ಹೊರಬಿಡುತ್ತದೆ, ರೊಟ್ಟಿಯ ಮೆತುವನ್ನೂ ಕೆಲಹೊತ್ತು ಕಾಯುತ್ತದೆ. ಆ ಬಟ್ಟೆಯನ್ನು ಪ್ರತಿದಿನ ಒಗೆದು ಬಿಸಿಲಿಗೆ ಹಾಕಬೇಕು.

ಈಗ ಅನೇಕ ಮನೆಗಳಲ್ಲಿ ಫ್ರಿಜ್ ಇದೆ. ಅದರಲ್ಲಿ ಬೂಷ್ಟು ತಡವಾಗಿ ಬರುವುದು ನಿಜ. ಆದರೆ ಪಿಷ್ಟವು ಅಲ್ಲಿನ ತಂಪಿನಲ್ಲಿ ಇನ್ನೂ ಬೇಗ ಬಿಗಿಯುತ್ತದೆ. ಹೊರಗಿಟ್ಟಿದ್ದಕ್ಕಿಂತ ಫ್ರಿಜ್ಜಿನ ರೊಟ್ಟಿ ಬೇಗ ಬಿರುಸು. ಬಿರುಸಾದ ರೊಟ್ಟಿಗೆ ನೀರು ಚಿಮುಕಿಸಿ, ಕಾದ ಹಂಚಿನ ಮೇಲೆ ಎರಡೂ ಮಗ್ಗುಲು ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಆದರೆ ಬಿಸಿ ಇರುವಾಗಲೇ ತಿನ್ನಬೇಕು. ಆರಿದರೆ ಮತ್ತೆ ಬಿರುಸು. ಇಲ್ಲವೇ ಮುರಿದು ಒಗ್ಗರಣೆ ಹಾಕಿರಿ, ಮಜ್ಜಿಗೆಯಲ್ಲಿ ನೆನೆಹಾಕಿರಿ. ಬಿರುಸಾಯಿತೆಂಬ ಒಂದೇ ಕಾರಣಕ್ಕೆ ರೊಟ್ಟಿಯನ್ನು ಚೆಲ್ಲಬಾರದು.

ಖಡಕ್ ರೊಟ್ಟಿ

ವಾರಗಟ್ಟಲೆ ಇಡಬೇಕಾದರೆ ಖಡಕ್ ರೊಟ್ಟಿಯೇ ಗತಿ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಪ್ರತಿದಿನ ಒಲೆ ಹೊತ್ತಿಸುವ ಶ್ರಮ ಇದರಿಂದ ತಪ್ಪುತ್ತದೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರ ಗಂಟಿನಲ್ಲಿ ಇರುವುದೂ ಇದೇ. ೨೦೧೯ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ, ನೆರೆಯಿಲ್ಲದ ಊರುಗಳವರು ರೊಟ್ಟಿ ಕಟ್ಟಿ ಕಳುಹಿಸಿದರು. ಒಲೆಯೇ ಇಲ್ಲದವನ ಕೈಗೆ ಹೋಗುವ ರೊಟ್ಟಿಯು ಬೂಷ್ಟು ಹಿಡಿಯದೆ ತಲುಪಬೇಕಾದುದು ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಖಡಕ್ ರೊಟ್ಟಿ ಬಾಳುವುದರ ಗುಟ್ಟು ಒಂದೇ: ಬೂಷ್ಟಿಗೆ ಕುಡಿಯಲು ನೀರು ಉಳಿಸಬಾರದು. ಪೂರಾ ಒಣಗಿದ ಜೋಳದ ರೊಟ್ಟಿ ಒಂದು ತಿಂಗಳು ಚೆನ್ನಾಗಿರುತ್ತದೆ. ಅರೆ ಒಣಗಿದ್ದು ಮೆತ್ತನೆಯ ರೊಟ್ಟಿಗಿಂತಲೂ ಮೋಸ. ನೋಡಲು ಒಣಗಿದಂತೆ ಕಾಣುತ್ತದೆ, ನಂಬಿಕೆಯಿಂದ ಕೂಡಿಡುತ್ತೇವೆ, ಒಳಗೆ ತೇವ ಕುಳಿತಿರುತ್ತದೆ.

ಮಾಡುವ ಕ್ರಮ:

೧. ರೊಟ್ಟಿಯನ್ನು ತೆಳ್ಳಗೆ, ಎಲ್ಲ ಕಡೆಯೂ ಸಮವಾಗಿ ಬಡಿಯಬೇಕು. ನಡುವೆ ದಪ್ಪ, ಅಂಚಿಗೆ ತೆಳುವಾದರೆ ಅಂಚು ಸೀದರೂ ನಡುವೆ ತೇವ ಉಳಿಯುತ್ತದೆ.

೨. ಬೆಂದ ರೊಟ್ಟಿಯನ್ನು ಒಂದರ ಮೇಲೊಂದು ಒಟ್ಟದೆ, ಒಲೆಯ ಸುತ್ತ ಕೆಂಡದ ಕಾವು ತಾಗುವಂತೆ ನಿಲ್ಲಿಸಬೇಕು. ಗ್ಯಾಸ್ ಒಲೆಯಾದರೆ ಸಣ್ಣ ಉರಿಯಲ್ಲಿ ಹಂಚಿನ ಮೇಲೆ ತಿರುವಿ ಹಾಕುತ್ತ ಒಣಗಿಸಬೇಕು. ಬೇಸಿಗೆಯಲ್ಲಿ ಶುದ್ಧ ಬಟ್ಟೆಯ ಮೇಲೆ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ ಬಿಸಿಲಿಗೂ ಇಡಬಹುದು.

೩. ಪರೀಕ್ಷೆ ಮಾಡಬೇಕು. ರೊಟ್ಟಿಯನ್ನು ಅಂಚಿನಲ್ಲಿ ಮುರಿದು ನೋಡಿದರೆ ಸಾಲದು; ನಟ್ಟನಡುವೆ ಮುರಿಯಬೇಕು. ಲಟ್ಟೆಂದು ಸಪ್ಪಳವಾಗಿ ಮುರಿದರೆ ಒಣಗಿದೆ. ಬಾಗಿ ಮುರಿದರೆ ಇನ್ನೂ ತೇವವಿದೆ. ತಕ್ಕಡಿ ಇದ್ದವರು ಹತ್ತು ರೊಟ್ಟಿ ತೂಗಿ, ಮತ್ತೊಮ್ಮೆ ಕಾವಿಗೆ ಇಟ್ಟು ಪುನಃ ತೂಗಲಿ. ತೂಕ ಇಳಿದರೆ ತೇವವಿತ್ತೆಂದು ಅರ್ಥ. ಇಳಿಯುವುದು ನಿಂತರೆ ಒಣಗಿತೆಂದು ಅರ್ಥ.

೪. ಕಾವು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಹಾಗೆಂದು ಮಳೆಗಾಲದಲ್ಲಿ ರಾತ್ರಿಯೆಲ್ಲ ಹೊರಗೆ ಬಿಡಬಾರದು. ಒಣಗಿದ ರೊಟ್ಟಿಯು ಗಾಳಿಯಲ್ಲಿನ ತೇವವನ್ನು ತಾನೇ ಎಳೆದುಕೊಳ್ಳುತ್ತದೆ.

ಕಾಲಕ್ಕೆ ತಕ್ಕ ಪಾತ್ರೆ

ಬುಟ್ಟಿ ಒಳ್ಳೆಯದೋ ಡಬ್ಬಿ ಒಳ್ಳೆಯದೋ ಎಂದು ಅನೇಕರು ಕೇಳುತ್ತಾರೆ. ಕಾಲವನ್ನು ನೋಡಿ ಉತ್ತರ ಹೇಳಬೇಕು. ಸುಗ್ಗಿಯ ದಿನಗಳಲ್ಲಿ ಗಾಳಿ ಒಣಗಿರುತ್ತದೆ. ಆಗ ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಖಡಕ್ ರೊಟ್ಟಿ ಇಟ್ಟರೆ ಸಾಕು. ಅಲ್ಪಸ್ವಲ್ಪ ತೇವವಿದ್ದರೂ ಹೊರಹೋಗುತ್ತದೆ. ಶ್ರಾವಣದಲ್ಲಿ ಹಾಗಲ್ಲ. ರೊಟ್ಟಿ ಪಂಚಮಿಗೆಂದು ಜೋಳದ, ಸಜ್ಜೆಯ ತೆಳು ರೊಟ್ಟಿಗಳನ್ನು ಅಡಕಲಾಗಿ ಒಟ್ಟಿ, ನೆರೆಹೊರೆಯ ಮನೆಗಳಿಗೆ ಬೀರುವುದು ನಮ್ಮ ಕಡೆಯ ಪದ್ಧತಿ. ಹಬ್ಬವು ಬರುವುದು ಮಾತ್ರ ವರ್ಷದಲ್ಲಿ ಗಾಳಿ ಬಹಳ ತೇವವಾಗಿರುವ ದಿನಗಳಲ್ಲಿ. ಆಗ ಬುಟ್ಟಿಯಲ್ಲಿಟ್ಟ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಆಗ ಬೇಕು. ಬೇರೆ ಬೇರೆ ಮನೆಗಳಿಂದ ಬಂದ ರೊಟ್ಟಿಗಳನ್ನು ಹಾಗೆಯೇ ಡಬ್ಬಿಗೆ ಸುರಿಯದೆ, ಒಮ್ಮೆ ಹಂಚಿನ ಮೇಲೆ ಕಾಯಿಸಿ ಆರಿಸಿ ಇಡಬೇಕು. ಒಂದು ತೇವದ ರೊಟ್ಟಿ ಇಡೀ ಡಬ್ಬಿಯನ್ನು ಕೆಡಿಸಬಲ್ಲದು. ಸಜ್ಜೆ ರೊಟ್ಟಿಯನ್ನು ಬೇರೆ ಡಬ್ಬಿಯಲ್ಲಿಟ್ಟು ಮೊದಲು ತಿಂದು ಮುಗಿಸಬೇಕು.

ಇನ್ನು ಕೆಲವು ಎಚ್ಚರಿಕೆಗಳು. ಗೊಬ್ಬರದ ಚೀಲ, ಕೀಟನಾಶಕದ ಡಬ್ಬಿಗಳನ್ನು ಎಷ್ಟು ತೊಳೆದರೂ ಅವುಗಳಲ್ಲಿ ರೊಟ್ಟಿಯನ್ನಾಗಲಿ ಹಿಟ್ಟನ್ನಾಗಲಿ ಇಡಬಾರದು. ಅಚ್ಚಾದ ಕಾಗದದಲ್ಲಿ ರೊಟ್ಟಿ ಸುತ್ತಬಾರದು. ಶಾಯಿಯಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುತ್ತವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ೨೦೧೬ರಲ್ಲಿಯೇ ಎಚ್ಚರಿಸಿದೆ. ಇಲಿ ಹತ್ತದಂತೆ ಬುಟ್ಟಿಯನ್ನು ನೆಲುವಿಗೆ ತೂಗುಹಾಕುವುದು ಒಳ್ಳೆಯದು.

ಬೂಷ್ಟು ಹಿಡಿದರೆ

ಕೆಲವರು ಬೂಷ್ಟನ್ನು ಕೊಡವಿ, ಆ ಭಾಗವನ್ನಷ್ಟೇ ಮುರಿದು ಹಾಕಿ ಉಳಿದುದನ್ನು ತಿನ್ನುತ್ತಾರೆ. ಇದು ತಪ್ಪು. ಕಣ್ಣಿಗೆ ಕಾಣುವುದು ಬೂಷ್ಟಿನ ತಲೆ ಮಾತ್ರ. ಎಳೆಗಳು ಒಳಗೆ ಹಬ್ಬಿರುತ್ತವೆ. ಕೆಲವು ಬೂಷ್ಟುಗಳು ವಿಷ ಉಂಟುಮಾಡುತ್ತವೆ. ಆ ವಿಷವನ್ನು ಹಂಚಿನ ಕಾವು ಪೂರ್ತಿ ಸುಡಲಾರದು. ಬೂಷ್ಟು ಹಿಡಿದ ರೊಟ್ಟಿಯನ್ನು ದನಕ್ಕೂ ಕೋಳಿಗೂ ಹಾಕಬಾರದು. ಗೊಬ್ಬರದ ಗುಂಡಿಯಲ್ಲಿ ಮಣ್ಣು ಮುಚ್ಚಬೇಕು. ಡಬ್ಬಿಯನ್ನು ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಹೊಸ ರೊಟ್ಟಿ ಹಾಕಬೇಕು.

ಇಲ್ಲಿ ರೈತನ ಹೊಣೆಯೂ ಇದೆ. ೧೯೯೫ರಲ್ಲಿ ದಖ್ಖನ್ನಿನ ಕೆಲವು ಗ್ರಾಮಗಳಲ್ಲಿ ಜೋಳ, ಮೆಕ್ಕೆಜೋಳ ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದವು. ಅದೇ ಕಾಳಿನ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು ಎನ್ನುವುದು, ಭೇದಿ ಕಾಣಿಸಿಕೊಂಡವು. ಪರೀಕ್ಷಿಸಿದಾಗ ಕಾಳಿನಲ್ಲಿ ಫ್ಯುಮೊನಿಸಿನ್ ಎಂಬ ಬೂಷ್ಟಿನ ವಿಷ ದೊರೆಯಿತು. ರೊಟ್ಟಿ ತಾಜಾ ಇತ್ತು, ಒಲೆಯೂ ಚೆನ್ನಾಗಿ ಉರಿದಿತ್ತು. ಕೆಟ್ಟದ್ದು ಹೊಲದಿಂದಲೇ ಬಂದಿತ್ತು. ಆದುದರಿಂದ ಮಳೆಗೆ ಸಿಕ್ಕ ತೆನೆಗಳನ್ನು ಬೇರೆ ರಾಶಿ ಮಾಡಬೇಕು. ಕಪ್ಪಾದ, ಗುಲಾಬಿ ಬಣ್ಣಕ್ಕೆ ತಿರುಗಿದ ಕಾಳನ್ನು ಆರಿಸಿ ತೆಗೆಯಬೇಕು. ಶೇಕಡಾ ೧೨ಕ್ಕಿಂತ ಕಡಿಮೆ ತೇವ ಬರುವಂತೆ ಒಣಗಿಸಿದ ಕಾಳನ್ನೇ ಚೀಲಕ್ಕೆ ತುಂಬಬೇಕು. ಹಲ್ಲಿನಿಂದ ಕಡಿದರೆ ಕಟ್ಟೆಂದು ಒಡೆಯಬೇಕು, ಚಪ್ಪಟೆಯಾಗಬಾರದು. ಅಡಿಗೆಮನೆಗೆ ಕೆಟ್ಟ ಕಾಳು ಕೊಟ್ಟು ಒಳ್ಳೆಯ ರೊಟ್ಟಿ ಕೇಳುವುದು ನ್ಯಾಯವಲ್ಲ.

ಮಾಡಿ ನೋಡಿರಿ

ನಿಮ್ಮ ಊರಿನ ಸ್ವಸಹಾಯ ಸಂಘದಲ್ಲಿ ಈ ಸಣ್ಣ ಪ್ರಯೋಗವನ್ನು ಮಾಡಬಹುದು. ಒಂದೇ ಹಿಟ್ಟಿನ ಒಂಬತ್ತು ರೊಟ್ಟಿ ಮಾಡಿರಿ. ಮೂರನ್ನು ಬಿಸಿ ಇರುವಾಗಲೇ ಡಬ್ಬಿಯಲ್ಲಿ ಮುಚ್ಚಿರಿ. ಮೂರನ್ನು ಆರಿಸಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿಡಿರಿ. ಮೂರನ್ನು ಖಡಕ್ಕಾಗಿ ಒಣಗಿಸಿ, ಆರಿಸಿ, ಬಿಗಿ ಡಬ್ಬಿಯಲ್ಲಿಡಿರಿ. ಒಂದು ವಾರ ದಿನವೂ ನೋಡಿ ಬರೆದಿಡಿರಿ. ಸುಗ್ಗಿಯಲ್ಲಿ ಒಮ್ಮೆ, ಶ್ರಾವಣದಲ್ಲಿ ಒಮ್ಮೆ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಬೂಷ್ಟು ಕಂಡ ರೊಟ್ಟಿಯನ್ನು ರುಚಿ ನೋಡಬೇಡಿರಿ.

ನೆನಪಿಡಬೇಕಾದ ಮಾತುಗಳು

* ಬಿಸಿ ರೊಟ್ಟಿಯನ್ನು ಬಿಗಿಯಾಗಿ ಮುಚ್ಚಬೇಡಿರಿ.
* ಅರೆ ಒಣಗಿದ್ದನ್ನು ಕೂಡಿಡಬೇಡಿರಿ. ನಡುವೆ ಮುರಿದು ನೋಡಿರಿ.
* ಸುಗ್ಗಿಗೆ ಬುಟ್ಟಿ, ಶ್ರಾವಣಕ್ಕೆ ಡಬ್ಬಿ.
* ಸಜ್ಜೆ ಹಿಟ್ಟು ಹೊಸದಿರಲಿ, ಸಜ್ಜೆ ರೊಟ್ಟಿ ಮೊದಲು ಮುಗಿಯಲಿ.
* ಬಿರುಸಾದುದನ್ನು ತಿನ್ನಿರಿ, ಬೂಷ್ಟು ಹಿಡಿದುದನ್ನು ಹೂಳಿರಿ.

ಚರ್ಚೆಗೆ ಪ್ರಶ್ನೆಗಳು

೧. ಮುಚ್ಚಳದ ಒಳಮೈಯಲ್ಲಿ ನೀರಹನಿ ಏಕೆ ಕೂರುತ್ತದೆ?
೨. ನಿಮ್ಮ ಮನೆಯಲ್ಲಿ ಕಳೆದ ಶ್ರಾವಣದಲ್ಲಿ ಎಷ್ಟು ರೊಟ್ಟಿ ಕೆಟ್ಟವು? ಅವು ಮೂರು ಬಗೆಗಳಲ್ಲಿ ಯಾವ ಬಗೆಯಿಂದ ಕೆಟ್ಟವು?
೩. ಈ ಸಲದ ರಾಶಿಯಲ್ಲಿ ಮಳೆಗೆ ಸಿಕ್ಕ ಕಾಳನ್ನು ಬೇರೆ ಮಾಡಿದ್ದೀರಾ?