ಜಮೀನಿನ ಬೆಲೆ ನೋಡಿ ಕೊಟ್ಟ ಸಾಲ: ಅಯೋವಾ ರೈತರ ಅನುಭವ

ಪೈರಿಗೆ ಮಿತಿಮೀರಿ ಯೂರಿಯಾ ಕೊಟ್ಟರೆ ಮೊದಲು ಕಡುಹಸಿರಾಗಿ ಎದ್ದು, ಆಮೇಲೆ ಗಾಳಿಗೆ ಒರಗುತ್ತದೆ. ಸಾಲವೂ ಹಾಗೆಯೇ. ಅಮೆರಿಕದ ಅಯೋವಾ ರಾಜ್ಯ ಇದಕ್ಕೆ ತಕ್ಕ ನಿದರ್ಶನ.

1972ರಲ್ಲಿ ಸೋವಿಯತ್ ಒಕ್ಕೂಟವು ಅಮೆರಿಕದಿಂದ ಅಪಾರ ಧಾನ್ಯ ಕೊಂಡಿತು. ದರ ಏರಿತು. ರೈತರು ಸಾಲ ಮಾಡಿ ಜಮೀನು, ಟ್ರ್ಯಾಕ್ಟರು ಕೊಂಡರು. ಸಾಲದ ಹಣದಿಂದ ಜಮೀನಿನ ಬೆಲೆ ಹೆಚ್ಚಿತು. ಹೆಚ್ಚಿದ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು ಬ್ಯಾಂಕುಗಳು ಮತ್ತಷ್ಟು ಸಾಲ ನೀಡಿದವು. ಬೆಳೆಯ ಆದಾಯ ಮಾತ್ರ ಅದೇ ವೇಗದಲ್ಲಿ ಏರಲಿಲ್ಲ. ರೋಗದ ಮೂಲ ಇಲ್ಲಿದೆ. (ಆಗ ಸಾಲ ಮಾಡದವನನ್ನು ದಡ್ಡನೆಂದವರೂ ಇದ್ದಿರಬೇಕು.)

ಹಣದುಬ್ಬರ ತಡೆಯಲು 1979ರ ಅಕ್ಟೋಬರಿನಿಂದ ಅಲ್ಲಿನ ಕೇಂದ್ರ ಬ್ಯಾಂಕು ಹಣದ ಹರಿವನ್ನು ಬಿಗಿಗೊಳಿಸಿತು. 1980ರ ಡಿಸೆಂಬರಿನಲ್ಲಿ ದೊಡ್ಡ ಬ್ಯಾಂಕುಗಳ ಮೂಲ ಬಡ್ಡಿ ದರ ಶೇ. 21.5 ಮುಟ್ಟಿತು. ಮುಂದೆ ರಫ್ತೂ ಕುಸಿಯಿತು. ಕಂತು ತಪ್ಪಿದವರ ಜಮೀನು ಹರಾಜಿಗೆ ಬಂದಂತೆಲ್ಲ, ತಪ್ಪದವರ ಜಮೀನಿನ ಬೆಲೆಯೂ ಇಳಿಯಿತು. 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದುದು 1986ರಲ್ಲಿ 787ಕ್ಕೆ ಬಂತು. ಅಂಥ ಎಕರೆಯ ಮೇಲೆ 1,500 ಡಾಲರ್ ಸಾಲವಿದ್ದರೆ, ಜಮೀನು ಮಾರಿದ ಮೇಲೂ 713 ಡಾಲರ್ ಬಾಕಿ, ಬಡ್ಡಿ ಬೇರೆ. ಇಂಥ ಬಾಕಿಗಳು ಹಲವು ಗ್ರಾಮೀಣ ಬ್ಯಾಂಕುಗಳನ್ನೂ ಮುಳುಗಿಸಿದವು. 1987ರಲ್ಲಿ ಕೃಷಿ ಸಾಲ ಸಂಸ್ಥೆಗಳನ್ನು ಉಳಿಸಲು ಕಾಯಿದೆಯನ್ನೇ ತರಬೇಕಾಯಿತು.

ಸಾಲಕ್ಕೆ ಅರ್ಜಿ ಹಾಕುವ ಮುನ್ನ ರೈತರು ಹಿಂದಿನ ಐದು ವರ್ಷಗಳ ನಿವ್ವಳ ಆದಾಯವನ್ನು ಬರೆದುಕೊಂಡು, ಅದರಲ್ಲಿ ಅತಿ ಕಡಿಮೆ ಬಂದ ವರ್ಷದ ಹಣದಿಂದ ಕಂತು ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕುವುದು ಸೂಕ್ತ. ಜಮೀನಿನ ಪೇಟೆ ಬೆಲೆಯನ್ನು ಈ ಲೆಕ್ಕಕ್ಕೆ ಸೇರಿಸಬಾರದು.